ಸ್ಟುಟ್‌ಗಾರ್ಟ್‌ಗೆ ಸಂಸಾರ ಸಮೇತ ಹೊರಟಿದ್ದೇವೆ: 14 ಲಕ್ಷ ಸಾಕಾಗುತ್ತದೆಯೇ?

ಹೇಮಾವತಿ_ದಡ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸದ್ದಿಲ್ಲದೆ ಓದಿಕೊಂಡಿದ್ದವನು ನಾನು. ಈಗ ನನ್ನದೇ ಸರದಿ ಬಂದಿದೆ. ಊರು ಹಾಸನ, ಇರುವುದು ಬೆಂಗಳೂರಿನಲ್ಲಿ, ವಾಹನಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಒಂದು ಕಂಪನಿ ವರ್ಷಕ್ಕೆ 60,000 ಯೂರೋ ಸಂಬಳಕ್ಕೆ ಕರೆದಿದೆ. ಬ್ಲೂ ಕಾರ್ಡ್ ವೀಸಾ, ಅಂದರೆ ನುರಿತ ಕೆಲಸಗಾರರಿಗೆ ಕೊಡುವ ಪರವಾನಗಿ. ಫೆಬ್ರವರಿಯಲ್ಲಿ ಕೆಲಸಕ್ಕೆ ಸೇರಬೇಕು. ನಾನು, ಹೆಂಡತಿ, ನಾಲ್ಕು ವರ್ಷದ ಮಗಳು ಮೂವರೂ ಒಟ್ಟಿಗೇ ಹೊರಡುವುದೆಂದು ತೀರ್ಮಾನಿಸಿದ್ದೇವೆ.

ಲೆಕ್ಕ ಹೀಗಿದೆ. ಕೈಯಲ್ಲಿ 14 ಲಕ್ಷ: ಬ್ಯಾಂಕಿನಲ್ಲಿ 11.5 ಲಕ್ಷ, ಈಗಿನ ಬಾಡಿಗೆ ಮನೆಯ ಅಡ್ವಾನ್ಸ್ 2.5 ಲಕ್ಷ. ಯೂರೋಗೆ 90 ರೂಪಾಯಿ ಹಿಡಿದರೆ ಹದಿನೈದೂವರೆ ಸಾವಿರ ಯೂರೋ. ಟಿಕೆಟ್ಟು, ವೀಸಾಕ್ಕೆ 2 ಲಕ್ಷ ತೆಗೆದಿಡುತ್ತೇನೆ. ಅಲ್ಲಿ ಇಳಿದ ಮೇಲೆ ಮೊದಲ ತಿಂಗಳ ಬಾಡಿಗೆ 1,500, ಮನೆ ಸಾಮಾನು 2,000, ಊಟ ಓಡಾಟ 1,000, ಇತರೆ 1,500. ಒಟ್ಟು 6,000 ಯೂರೋ. ತಿಂಗಳಿಗೆ ಕೈಗೆ 3,500 ಬರುತ್ತದೆಂದು ಒಂದು ಕ್ಯಾಲ್ಕುಲೇಟರ್ ಹೇಳಿತು. ಊರಿನ ಮನೆ ಸಾಲದ ಕಂತು 18,000 ರೂಪಾಯಿ, ಅಪ್ಪ ಅಮ್ಮನಿಗೆ 15,000. ಉಳಿದದ್ದು ಉಳಿತಾಯ. ಎಲ್ಲಿಯಾದರೂ ಎಡವಿದ್ದೇನೆಯೇ?

ಬಿಸಿಬೇಳೆ
ಮೊದಲನೆಯ ಸಾಲಿನಲ್ಲೇ ಎಡವಿದ್ದೀರಿ. ಯೂರೋ ನೂರು ದಾಟಿದೆ. 90 ಎಂಬುದು ಹಳೆಯ ಪಂಚಾಂಗ.

ಮೂಲೆಮನೆ
ಎರಡನೆಯ ಸಾಲಿನಲ್ಲೂ. ಬೆಂಗಳೂರಿನ ಅಡ್ವಾನ್ಸ್ ಅನ್ನು ಯಾರಾದರೂ ಕೈಯಲ್ಲಿರುವ ಹಣ ಎಂದು ಬರೆಯುತ್ತಾರೆಯೇ? ಮನೆ ಮಾಲೀಕರ ಕೈಯಲ್ಲಿದೆ ಎಂದು ಬರೆಯಿರಿ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಉಳಿದದ್ದು ಹೊಸ ಬಾಡಿಗೆದಾರ ಬಂದು ಅವನ ಅಡ್ವಾನ್ಸ್ ಕೈಗೆ ಬಿದ್ದ ಮೇಲೆ. ನಮ್ಮದು ವಿಮಾನ ಹತ್ತಿ ನಾಲ್ಕು ತಿಂಗಳಿಗೆ ಬಂತು, ಅದೂ ನನ್ನ ಭಾವ ವಾರಕ್ಕೊಮ್ಮೆ ಹೋಗಿ ಅವರ ವರಾಂಡದಲ್ಲಿ ಕುಳಿತ ಮೇಲೆ.

ನೆಕ್ಕರ್_ನದಿ
ಸ್ಟುಟ್‌ಗಾರ್ಟ್‌ನಲ್ಲಿ ಇದು ನನ್ನ ಎಂಟನೆಯ ಚಳಿಗಾಲ. ನಿಮ್ಮ ಲೆಕ್ಕದಲ್ಲಿ ತಿಂಗಳ ಖರ್ಚು ಸರಿಯಾಗಿಯೇ ಇದೆ. ಹೊಸಬರನ್ನು ಮುಳುಗಿಸುವುದು ತಿಂಗಳ ಖರ್ಚಲ್ಲ, ಮೊದಲ ಮೂರು ತಿಂಗಳು. ಆ ಮೂರು ತಿಂಗಳು ನಿಮ್ಮ ಹಾಳೆಯಲ್ಲಿ ಇಲ್ಲವೇ ಇಲ್ಲ.

ವಿಮಾನ ಇಳಿದ ದಿನವೇ ಬಾಡಿಗೆ ಮನೆ ಸಿಗುವುದಿಲ್ಲ. ಮಾಲೀಕರು ಮೂರು ತಿಂಗಳ ಸಂಬಳ ಚೀಟಿ ಕೇಳುತ್ತಾರೆ, ಶೂಫಾ ಎಂಬ ಸಾಲದ ಇತಿಹಾಸದ ಪತ್ರ ಕೇಳುತ್ತಾರೆ. ನಿನ್ನೆ ಬಂದವರ ಬಳಿ ಎರಡೂ ಇರುವುದಿಲ್ಲ. ಹಾಗಾಗಿ ಎರಡು ತಿಂಗಳಾದರೂ ಸಾಮಾನು ಸಹಿತದ ತಾತ್ಕಾಲಿಕ ಮನೆಯಲ್ಲಿರಬೇಕು, ಅದು ದುಬಾರಿ. ಆ ಮನೆಯಲ್ಲಿ ವಿಳಾಸ ನೋಂದಣಿಗೆ, ಅಂದರೆ ಅನ್‌ಮೆಲ್ಡುಂಗ್‌ಗೆ, ಮಾಲೀಕರು ಒಪ್ಪುತ್ತಾರೆಯೇ ಎಂದು ಹಣ ಕೊಡುವ ಮುನ್ನವೇ ಬರಹದಲ್ಲಿ ಕೇಳಿಕೊಳ್ಳಿ. ಮನೆಗೆ ಸೇರಿದ ಎರಡು ವಾರದೊಳಗೆ ನೋಂದಣಿ ಆಗಬೇಕು. ಅದಿಲ್ಲದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಬ್ಯಾಂಕಿನವರೂ ಸತಾಯಿಸುತ್ತಾರೆ, ವಾಸದ ಪರವಾನಗಿಯ ಕೆಲಸವೂ ನಿಂತುಬಿಡುತ್ತದೆ.

ಕೊನೆಗೆ ನಿಜವಾದ ಮನೆ ಸಿಕ್ಕಿದಾಗ ಅದರಲ್ಲಿ ಅಡುಗೆಮನೆ ಇರುವುದಿಲ್ಲ.

ಹೇಮಾವತಿ_ದಡ
ಅಡುಗೆಮನೆ ಇರುವುದಿಲ್ಲ ಎಂದರೆ?

ನೆಕ್ಕರ್_ನದಿ
ಕೋಣೆ ಇರುತ್ತದೆ. ಗೋಡೆಯಿಂದ ನೀರಿನ ಕೊಳವೆ, ವಿದ್ಯುತ್ ತಂತಿ ಹೊರಗೆ ಇಣುಕುತ್ತಿರುತ್ತವೆ. ಸಿಂಕ್, ಒಲೆ, ಕಪಾಟು ಎಲ್ಲವನ್ನೂ ಹಿಂದಿನ ಬಾಡಿಗೆದಾರರು ಕಳಚಿಕೊಂಡು ಹೋಗಿರುತ್ತಾರೆ. ನಾವು ಮೊದಲ ಸಲ ಮನೆ ನೋಡಲು ಹೋದಾಗ ಕಟ್ಟಡದ ಕೆಲಸ ಇನ್ನೂ ಮುಗಿದಿಲ್ಲವೆಂದು ತಿಳಿದು ಹಿಂತಿರುಗಿದ್ದೆವು. ಸೂರಿನಲ್ಲಿ ದೀಪವೂ ಇರಲಿಲ್ಲ, ತಂತಿ ಜೋತಾಡುತ್ತಿತ್ತು. ಎಲ್ಲ ಮನೆಗಳೂ ಹೀಗೆಯೇ ಎಂದಲ್ಲ. ಜಾಹೀರಾತಿನಲ್ಲಿ ‘ಐನ್‌ಬೌಕ್ಯೂಷೆ’ ಎಂದಿದ್ದರೆ ಅಡುಗೆಮನೆ ಇದೆ ಎಂದರ್ಥ. ಆ ಒಂದು ಪದವನ್ನು ಇವತ್ತೇ ಬಾಯಿಪಾಠ ಮಾಡಿ.

ಅಕ್ಕಿರೊಟ್ಟಿ
ಹೌದು, ನಾವು ಮೂರು ವಾರ ಸ್ನಾನದ ಮನೆಯಲ್ಲಿ ಪಾತ್ರೆ ತೊಳೆದೆವು. ಒಂದೇ ಒಂದು ವಿದ್ಯುತ್ ಒಲೆ, ಅದರ ಮೇಲೆ ದಿನವೂ ಚಿತ್ರಾನ್ನ.

ಉದ್ಯಾನನಗರಿ
ನಾಲ್ಕು ವರ್ಷದ ಮಗುವನ್ನು ಸ್ನಾನದ ಮನೆಯಲ್ಲಿ ಪಾತ್ರೆ ತೊಳೆಯುವ ದೇಶಕ್ಕೆ ಕರೆದೊಯ್ಯಲು ಇಷ್ಟೊಂದು ಲೆಕ್ಕಾಚಾರ! ಅದೇ 14 ಲಕ್ಷ ಹಾಕಿ ಹಾಸನದಲ್ಲಿ ಸಾಲ ತೀರಿಸಿ ನೆಮ್ಮದಿಯಾಗಿರಬಾರದೇ?

ಬಿಸಿಬೇಳೆ
ಪ್ರತಿ ಚರ್ಚೆಯಲ್ಲೂ ಐದನೆಯ ಮಾತಿಗೆ ನೀವು ಬರುತ್ತೀರಿ. ಈ ಸಲ ಸ್ವಲ್ಪ ತಡವಾಯಿತು. ಅವರು ಹೋಗಬೇಕೇ ಬೇಡವೇ ಎಂದು ಕೇಳಲಿಲ್ಲ, ಎಷ್ಟು ಬೇಕು ಎಂದು ಕೇಳಿದರು.

ಖಾತೆ_ಕಿರ್ದಿ
ಲೆಕ್ಕಪತ್ರದ ಕೆಲಸ ನನ್ನದು, ಫ್ರಾಂಕ್‌ಫರ್ಟ್ ಹತ್ತಿರ ಆರು ವರ್ಷ. ನೆಕ್ಕರ್ ಅವರು ಹೇಳಿದ್ದನ್ನೇ ಅಂಕಿಗಳಲ್ಲಿ ಬರೆಯುತ್ತೇನೆ. ಇವು ಅಂದಾಜುಗಳು, ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಕಡಿಮೆಯಾದೀತು.

ಎರಡು ತಿಂಗಳ ತಾತ್ಕಾಲಿಕ ಮನೆ 3,800. ಆಮೇಲಿನ ಮನೆಯ ಠೇವಣಿ: ಕಾನೂನಿನ ಪ್ರಕಾರ ಗರಿಷ್ಠ ಮೂರು ತಿಂಗಳ ‘ಕಾಲ್ಟ್‌ಮೀಟೆ’, ಅಂದರೆ ನೀರು, ಶಾಖ ಇತ್ಯಾದಿ ಸೇರಿಸದ ತಣ್ಣನೆಯ ಬಾಡಿಗೆ. ಅದನ್ನು 1,250 ಎಂದು ಹಿಡಿದರೆ ಠೇವಣಿ 3,750. ಎಲ್ಲ ಸೇರಿದ ಮೊದಲ ತಿಂಗಳ ಬಾಡಿಗೆ 1,500. ಅಡುಗೆಮನೆ ಕೂಡಿಸಲು ಕಡಿಮೆ ಎಂದರೂ 2,500. ಮಂಚ, ಮೇಜು, ತೊಳೆಯುವ ಯಂತ್ರ, ಚಳಿಯ ಬಟ್ಟೆ 2,500. ಎರಡು ತಿಂಗಳ ದಿನಸಿ, ಓಡಾಟ 1,600. ಒಟ್ಟು 15,650 ಯೂರೋ. ನೀವು ಬರೆದದ್ದು 6,000.

ಈಗ ಆದಾಯದ ಕಡೆ. ಕೈಗೆ 3,500 ಎಂದು ನಿಮಗೆ ಹೇಳಿದ ಕ್ಯಾಲ್ಕುಲೇಟರ್ ನಿಮ್ಮನ್ನು ಮೂರನೆಯ ತೆರಿಗೆ ವರ್ಗದಲ್ಲಿ ಕೂರಿಸಿದೆ. ಅದು ಸಂಗಾತಿಯೂ ಇಲ್ಲೇ ವಾಸವಿದ್ದು, ಇಬ್ಬರ ನೋಂದಣಿಯೂ ಆದ ಮೇಲೆ ಸಿಗುವ ವರ್ಗ. ಒಂಟಿಯಾಗಿ ಬಂದರೆ ಒಂದನೆಯ ವರ್ಗ, ಕೈಗೆ ಸುಮಾರು 3,100. ತೆರಿಗೆ ಸಂಖ್ಯೆ ಬರುವುದು ತಡವಾಗಿ ಕಂಪನಿಯವರು ಆರನೆಯ ವರ್ಗ ಹಾಕಿದರೆ ಮೊದಲ ಸಂಬಳ ನೋಡಿ ಕಣ್ಣು ಕತ್ತಲೆ ಬರುತ್ತದೆ. ಆ ಹಣ ಆಮೇಲೆ ಹಿಂತಿರುಗುತ್ತದೆ, ಆದರೆ ಬಾಡಿಗೆ ಕೊಡುವ ದಿನಕ್ಕಲ್ಲ.

ಇನ್ನೊಂದು ಪ್ರಶ್ನೆ. ಕಂಪನಿ ಸ್ಥಳಾಂತರ ಭತ್ಯೆ ಕೊಡುತ್ತದೆಯೇ? ಕೊಟ್ಟರೆ ಮುಂಗಡವೋ, ಖರ್ಚು ಮಾಡಿ ರಸೀತಿ ತೋರಿಸಿದ ಮೇಲೋ?

ಹೇಮಾವತಿ_ದಡ
3,000 ಯೂರೋ ಎಂದಿದ್ದಾರೆ. ಪತ್ರವನ್ನು ಈಗ ಮತ್ತೆ ಓದಿದೆ. ರಸೀತಿ ತೋರಿಸಿದ ಮೇಲೆ, ಮುಂದಿನ ತಿಂಗಳ ಸಂಬಳದ ಜೊತೆ. ರಾತ್ರಿ ನಿದ್ದೆ ಬರುವುದಿಲ್ಲ.

ನೆಕ್ಕರ್_ನದಿ
ನಿದ್ದೆಗೆಡಬೇಡಿ. ಖಾತೆಯವರು ಒಂದು ವಿಷಯ ಬಿಟ್ಟಿದ್ದಾರೆ: ಠೇವಣಿಯನ್ನು ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗೆ ಕಾನೂನಿನಲ್ಲೇ ಇದೆ. ಮೊದಲ ಕಂತು ಬಾಡಿಗೆ ಶುರುವಾಗುವಾಗ, ಉಳಿದೆರಡು ಮುಂದಿನ ತಿಂಗಳ ಬಾಡಿಗೆಗಳ ಜೊತೆ. ಮಾಲೀಕ ಆ ಹಣವನ್ನು ತನ್ನ ಹಣದಿಂದ ಬೇರ್ಪಡಿಸಿ ಇಡಬೇಕು, ಬಡ್ಡಿ ನಿಮಗೇ ಸೇರುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಡ್ಡಿಯನ್ನೂ ಬಿಟ್ಟುಕೊಟ್ಟವರು ನಾವು, ಇದನ್ನು ಕೇಳಿದಾಗ ನಗು ಬಂದಿತ್ತು.

ಒಂಟಿ_ಸಲಗ
ದಲ್ಲಾಳಿಗೆ ಎರಡು ತಿಂಗಳ ಬಾಡಿಗೆಯನ್ನೂ ಸೇರಿಸಿಕೊಳ್ಳಿ. ಇಲ್ಲಿ ದಲ್ಲಾಳಿಗಳಿಲ್ಲದೆ ಮನೆ ಸಿಗುವುದಿಲ್ಲ.

ಖಾತೆ_ಕಿರ್ದಿ
ತಪ್ಪು. 2015ರ ಜೂನ್‌ನಿಂದ ಬಾಡಿಗೆ ಮನೆಗಳ ವಿಷಯದಲ್ಲಿ ದಲ್ಲಾಳಿಯನ್ನು ಯಾರು ನೇಮಿಸಿದರೋ ಅವರೇ ಹಣ ಕೊಡಬೇಕು. ಬಹುಪಾಲು ಅದು ಮಾಲೀಕನೇ. ನಿಮ್ಮಿಂದ ಯಾರಾದರೂ ಕೇಳಿದ್ದರೆ ಕಾನೂನುಬಾಹಿರವಾಗಿ ಕೇಳಿದ್ದಾರೆ.

ಒಂಟಿ_ಸಲಗ
ನಾನು ಬಂದದ್ದು 2012ರಲ್ಲಿ. ಎರಡು ತಿಂಗಳ ಬಾಡಿಗೆ ಕೊಟ್ಟೇ ಬಂದೆ. ಈಗ ಹೊಟ್ಟೆ ಉರಿಯುತ್ತಿದೆ.

ಮೂಲೆಮನೆ
ಕೀಲಿ ಕೊಡುವ ಮುನ್ನವೇ ಠೇವಣಿ ಕಳುಹಿಸಿ ಎನ್ನುವವರಿಗೆ ಒಂದು ಸೆಂಟನ್ನೂ ಕಳುಹಿಸಬೇಡಿ. ‘ನಾನು ಈಗ ಬೇರೆ ದೇಶದಲ್ಲಿದ್ದೇನೆ, ಕೀಲಿಯನ್ನು ಅಂಚೆಯಲ್ಲಿ ಕಳುಹಿಸುತ್ತೇನೆ’ ಎಂದರೆ ಅದು ಮೋಸವೇ. ನನ್ನ ಸಹೋದ್ಯೋಗಿ 1,400 ಯೂರೋ ಕಳೆದುಕೊಂಡ. ಚಿತ್ರಗಳಲ್ಲಿ ಮನೆ ತುಂಬ ಚೆನ್ನಾಗಿತ್ತು, ಇರಲಿಲ್ಲ ಅಷ್ಟೇ.

ತುಂಗೆಯ_ತಂಗಿ
ಹಾಗಾದರೆ ಗಂಡ ಮೊದಲು ಹೋಗಲಿ, ಸಂಸಾರ ಆಮೇಲೆ ಬರಲಿ ಎಂದು ಎಲ್ಲರೂ ಹೇಳುತ್ತೀರಿ, ನನಗೆ ಗೊತ್ತಿದೆ. ಹಿಂದೆ ಉಳಿದವಳ ಮಾತನ್ನೂ ಕೇಳಿ. ನಮ್ಮವರು ಮುಂದೆ ಹೋದರು, ‘ಎರಡೇ ತಿಂಗಳು’ ಎಂದು ಹೇಳಿ. ಏಳು ತಿಂಗಳಾಯಿತು. ಆ ಏಳು ತಿಂಗಳು ಶಿವಮೊಗ್ಗದಲ್ಲಿ ಮನೆ ಖಾಲಿ ಮಾಡಿದವಳು ನಾನು, ಗ್ಯಾಸ್ ಸಂಪರ್ಕ ಹಿಂತಿರುಗಿಸಿದವಳು ನಾನು, ಸ್ಕೂಟರ್ ಮಾರಿದವಳು ನಾನು. ಆರ್‌ಸಿ ಅವರ ಹೆಸರಿನಲ್ಲಿ, ಸಹಿಗೆ ಅವರು ಡ್ಯೂಸೆಲ್ಡಾರ್ಫ್‌ನಲ್ಲಿ. ಮಗನ ಶಾಲೆಯ ಟಿಸಿ, ನನ್ನ ವೀಸಾ ಸಂದರ್ಶನ, ಅತ್ತೆಯ ಕಣ್ಣಿನ ಶಸ್ತ್ರಚಿಕಿತ್ಸೆ ಎಲ್ಲವೂ ಒಂದೇ ತಿಂಗಳಲ್ಲಿ. ಎರಡು ಕಡೆ ಬಾಡಿಗೆ, ಎರಡು ಕಡೆ ದಿನಸಿ. ಅವರು ಅಲ್ಲಿ ಅನ್ನ ಮಾಡಲು ಕಲಿಯುವವರೆಗೆ ಹೊರಗೆ ತಿಂದ ಖರ್ಚು ಬೇರೆ. ಉಳಿಯಿತು ಎನ್ನುವ ಹಣವನ್ನು ಕೊನೆಗೆ ಕೂಡಿ ನೋಡಿದರೆ ಏನೂ ಉಳಿದಿರಲಿಲ್ಲ.

ಅಕ್ಕಿರೊಟ್ಟಿ
ನಮ್ಮದು ತದ್ವಿರುದ್ಧ. ಒಟ್ಟಿಗೇ ಹೋಗಿ ಹೋಟೆಲ್ ಕೋಣೆಯಲ್ಲಿ ಐದು ವಾರ, ಮಗುವಿಗೆ ಕಿವಿ ಸೋಂಕು, ಹೊರಗೆ ಕತ್ತಲು. ಮತ್ತೊಮ್ಮೆ ಮಾಡೆಂದರೆ ಮಾಡುವುದಿಲ್ಲ. ಫೆಬ್ರವರಿಯ ಸ್ಟುಟ್‌ಗಾರ್ಟ್‌ನಲ್ಲಿ ಮಗುವನ್ನು ಹೊರಗೆ ಆಡಿಸುವುದೆಂದರೆ ಅರ್ಧ ಗಂಟೆ ಬಟ್ಟೆ ತೊಡಿಸಿ ಹತ್ತು ನಿಮಿಷ ಆಡಿಸುವುದು.

ತುಂಗೆಯ_ತಂಗಿ
ಕಾಲದ ವಿಷಯ ಒಪ್ಪುತ್ತೇನೆ. ಮುಂದೆ ಹೋಗುವವರು ಹೊರಡುವ ಮುನ್ನ ತಮ್ಮ ಹೆಸರಿನಲ್ಲಿರುವುದನ್ನೆಲ್ಲ ತಾವೇ ಮುಗಿಸಿ ಹೋಗಲಿ. ಇದು ನನ್ನ ಒಂದೇ ಷರತ್ತು.

ಹಿಂತಿರುಗಿದವ
ನಾನು ನಾಲ್ಕು ವರ್ಷ ಇದ್ದು ಮೈಸೂರಿಗೆ ವಾಪಸಾದವನು. ಯಾರೂ ಹೇಳದ ಒಂದು ಮಾತು: ಮೊದಲ ಆರು ತಿಂಗಳು ಸಾಮಾನ್ಯವಾಗಿ ಪ್ರೊಬೇಷನ್, ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಮನೆಗೆ ಕಳುಹಿಸಬಹುದು. ನಿರುದ್ಯೋಗ ಭತ್ಯೆ ಸಿಗಬೇಕಾದರೆ ಹನ್ನೆರಡು ತಿಂಗಳು ವಿಮೆ ಕಟ್ಟಿರಬೇಕು. ಅಂದರೆ ಮೊದಲ ವರ್ಷ ಕೆಳಗೆ ಬಲೆಯಿಲ್ಲದ ಹಗ್ಗದ ಮೇಲಿನ ನಡಿಗೆ. ಅದರ ಮೇಲೆ ಇವರದು ವಾಹನ ಉದ್ಯಮ. ಸ್ಟುಟ್‌ಗಾರ್ಟ್ ಸುತ್ತಮುತ್ತ ಆ ಉದ್ಯಮದಲ್ಲಿ ಸಾವಿರಗಟ್ಟಲೆ ಹುದ್ದೆ ಕಡಿತದ ಸುದ್ದಿ ಬರುತ್ತಲೇ ಇದೆ. ಮರಳುವ ಟಿಕೆಟ್ಟಿನ ಹಣ ಮತ್ತು ಮೂರು ತಿಂಗಳ ಖರ್ಚನ್ನು ಮುಟ್ಟದಂತೆ ಊರಿನ ಖಾತೆಯಲ್ಲೇ ಬಿಟ್ಟು ಹೋಗಿ.

ಉದ್ಯಾನನಗರಿ
ನಾನು ಹೇಳಿದ್ದೂ ಅದನ್ನೇ.

ಹಿಂತಿರುಗಿದವ
ಇಲ್ಲ, ನೀವು ಹೋಗಬೇಡಿ ಎಂದಿರಿ. ನಾನು ಹಣ ಇಟ್ಟುಕೊಂಡು ಹೋಗಿ ಎನ್ನುತ್ತಿದ್ದೇನೆ. ನಾನು ಮರಳಿದ್ದು ಅಮ್ಮನಿಗೋಸ್ಕರ, ಜರ್ಮನಿಯ ಮೇಲೆ ಮುನಿಸಿಕೊಂಡಲ್ಲ. ಅಲ್ಲಿನ ಕಾಡಿನ ನಡಿಗೆ ಈಗಲೂ ನೆನಪಾಗುತ್ತದೆ.

ಪಾಸ್‌ಬುಕ್
ಹಣ ಕಳುಹಿಸುವ ಬಗ್ಗೆ. ಒಂದು ಹಣಕಾಸು ವರ್ಷದಲ್ಲಿ ನಿಮ್ಮ ಪ್ಯಾನ್ ಮೇಲೆ 10 ಲಕ್ಷ ರೂಪಾಯಿಗಿಂತ ಹೆಚ್ಚು ಹೊರದೇಶಕ್ಕೆ ಕಳುಹಿಸಿದರೆ, ಮೇಲಿನ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 7 ಲಕ್ಷವಿತ್ತು. 11.5 ಲಕ್ಷ ಕಳುಹಿಸಿದರೆ ಒಂದೂವರೆ ಲಕ್ಷಕ್ಕೆ 30,000. ಕಳೆದುಹೋಗುವ ಹಣವಲ್ಲ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಆದರೆ ಹೊರಡುವ ತಿಂಗಳಲ್ಲಿ 30,000 ಯಾರ ಬಳಿ ಹೆಚ್ಚಿಗೆ ಇರುತ್ತದೆ? ನೋಟಿನ ರೂಪದಲ್ಲಿ ಒಬ್ಬರು ಒಯ್ಯಬಹುದಾದದ್ದು 3,000 ಡಾಲರ್‌ಗೆ ಸಮನಾದಷ್ಟು, ಉಳಿದದ್ದು ಕಾರ್ಡಿನಲ್ಲಿ.

ಹೋದ ಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಲೇಬೇಕು. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ವಿಸ್ತರಿಸುವಂತಿಲ್ಲ, ಹೊಸದನ್ನು ತೆರೆಯುವಂತಿಲ್ಲ. ಹಾಸನದ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೀರೋ?

ಹೇಮಾವತಿ_ದಡ
ಇಲ್ಲ, ಅಪ್ಪ ಅಮ್ಮ ಇದ್ದಾರೆ. ಮೇಲಂತಸ್ತು ಬಾಡಿಗೆಗೆ ಇದೆ, 9,000 ಬರುತ್ತದೆ.

ಪಾಸ್‌ಬುಕ್
ಮನೆ ನಿಮ್ಮ ಹೆಸರಿನಲ್ಲಿದ್ದರೆ ಬಾಡಿಗೆದಾರ ಅನಿವಾಸಿಗೆ ಕೊಡುವ ಬಾಡಿಗೆಯಲ್ಲಿ ಸುಮಾರು 31.2% ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು. ನಿಯಮ ಹಾಗಿದೆ.

ಮೂಲೆಮನೆ
9,000 ಬಾಡಿಗೆ ಕೊಡುವ ಹಾಸನದ ಮಾಸ್ತರರು 31.2% ಮುರಿದು ಚಲನ್ ಕಟ್ಟುವ ದೃಶ್ಯವನ್ನು ಕಲ್ಪಿಸಿಕೊಳ್ಳುತ್ತಿದ್ದೇನೆ. ಯಾರೂ ಖಾತೆಯನ್ನೂ ಬದಲಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಪಾಸ್‌ಬುಕ್
ಕೇಳುವವರೆಗೆ ಯಾರೂ ಕೇಳುವುದಿಲ್ಲ. ಮುಂದೆ ಮನೆ ಮಾರಿ ಹಣ ಒಯ್ಯಬೇಕೆಂದಾಗ ಬ್ಯಾಂಕು ಹಳೆಯದನ್ನೆಲ್ಲ ಕೆದಕುತ್ತದೆ, ಆಗ ಈ ಚರ್ಚೆಗೆ ಬಂದು ಅಳಬೇಡಿ.

ಕುಡ್ಲದವಳು
ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮ ಯಾವುದು ಎಂಬ ಒಂದು ಅಂಕಣ ಇರುತ್ತದೆ. ನಾನು ಮಂಗಳೂರಿನ ಕಥೊಲಿಕಳು, ಕೇಳಿದ್ದಕ್ಕೆ ಹೆಮ್ಮೆಯಿಂದಲೇ ಬರೆದೆ. ಸಂಬಳ ಚೀಟಿಯಲ್ಲಿ ಚರ್ಚ್ ತೆರಿಗೆ ಎಂಬ ಸಾಲು ಪ್ರತ್ಯಕ್ಷವಾಯಿತು. ಸ್ಟುಟ್‌ಗಾರ್ಟ್ ಇರುವ ನಿಮ್ಮ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಮತ್ತು ಬವೇರಿಯಾದಲ್ಲಿ ಆದಾಯ ತೆರಿಗೆಯ 8%, ಉಳಿದೆಡೆ 9%. ಆದಾಯದ ಮೇಲಲ್ಲ, ತೆರಿಗೆಯ ಮೇಲೆ. ಕೊಡುತ್ತಿದ್ದೇನೆ, ಬಿಟ್ಟಿಲ್ಲ. ಆದರೆ ಮೊದಲೇ ಗೊತ್ತಿದ್ದರೆ ಲೆಕ್ಕದಲ್ಲಿ ಹಿಡಿಯುತ್ತಿದ್ದೆ.

ಬಿಸಿಬೇಳೆ
ಟಿವಿ ಚಂದಾ ಮರೆತಿರಿ. ಮನೆಗೆ ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ. ಬಂದ ಪತ್ರವನ್ನು ಜಾಹೀರಾತು ಎಂದು ತಿಳಿದು ಒಂದು ವರ್ಷ ಕಸಕ್ಕೆ ಹಾಕಿದೆ. ಆಮೇಲೆ 220 ಯೂರೋ ಜೊತೆಗೆ ದಂಡವನ್ನೂ ಒಟ್ಟಿಗೆ ಕಟ್ಟಿದೆ. ಜರ್ಮನಿಯಲ್ಲಿ ಯಾವ ಕಾಗದವನ್ನೂ ಓದದೆ ಎಸೆಯಬೇಡಿ.

ಒಂಟಿ_ಸಲಗ
ಆ ಕಾಗದ ಬರಬೇಕಾದರೂ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಿರಬೇಕು. ಮನೆ ಸಂಖ್ಯೆ ನೋಡಿ ಅಂಚೆಯವರು ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾರೆ. ನನ್ನ ತೆರಿಗೆ ಸಂಖ್ಯೆ ಎರಡು ಸಲ ವಾಪಸ್ ಹೋಯಿತು.

ಹೇಮಾವತಿ_ದಡ
ಹೆಸರು ಎಂದಾಗ ನೆನಪಾಯಿತು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಷಿಯಲ್‌ಗಳಲ್ಲಿ ಇದ್ದವು, ಅವನ್ನು ಬಿಡಿಸಿ ಒಂದೇ ಸಾಲಿನಲ್ಲಿ ಬರೆದಿದ್ದಾರೆ. ತೊಂದರೆಯಾಗುತ್ತದೆಯೇ?

ನೆಕ್ಕರ್_ನದಿ
ಜೀವನಪೂರ್ತಿ ಹಾಸ್ಯವಾಗುತ್ತದೆ. ನನ್ನದೂ ಅದೇ ಸ್ಥಿತಿ. ಒಂದು ಕಚೇರಿಯಲ್ಲಿ ಕುಟುಂಬದ ಹೆಸರಿನ ಜಾಗದಲ್ಲಿ ಅಡ್ಡಗೆರೆ, ಇನ್ನೊಂದರಲ್ಲಿ ನನ್ನ ಹೆಸರೇ ಎರಡು ಸಲ, ವಿಮೆ ಕಾರ್ಡಿನಲ್ಲಿ ನಾನು ನನ್ನ ಊರು. ಹತ್ತು ವರ್ಷ ‘ಶ್ರೀ ತೀರ್ಥಹಳ್ಳಿ’ ಆಗಿರುವುದಕ್ಕಿಂತ ಹೊರಡುವ ಮುನ್ನ ಪಾಸ್‌ಪೋರ್ಟ್ ಸರಿಪಡಿಸುವುದು ಒಳ್ಳೆಯದು. ಆದರೆ ಸಮಯ ನೋಡಿಕೊಳ್ಳಿ. ವೀಸಾ ಅರ್ಜಿ ಹಾಕಿಯಾಗಿದ್ದರೆ ಮುಟ್ಟಬೇಡಿ. ಮದುವೆ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಮೂರರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯೇ ಎಂದು ಇವತ್ತೇ ನೋಡಿ.

ಮೂಲೆಮನೆ
ಆ ಪ್ರಮಾಣಪತ್ರಗಳಿಗೆ ಅಪಾಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯಲು ಹಾಕಿಸುವ ದೃಢೀಕರಣ ಮುದ್ರೆ, ಮಾಡಿಸಿಕೊಳ್ಳಿ, ಏಜೆಂಟರು ಒಂದಕ್ಕೆ ಕೆಲವು ಸಾವಿರ ತೆಗೆದುಕೊಳ್ಳುತ್ತಾರೆ.

ಖಾತೆ_ಕಿರ್ದಿ
ಬೇಡ! ಏಜೆಂಟರು ಹಣ ತೆಗೆದುಕೊಳ್ಳುತ್ತಾರೆ, ಜರ್ಮನಿ ಆ ಮುದ್ರೆಯನ್ನು ಪರಿಗಣಿಸುವುದಿಲ್ಲ. 2005ರಲ್ಲಿ ಭಾರತ ಹೇಗ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿತು, ಹಾಗಾಗಿ ಈ ಎರಡು ದೇಶಗಳ ನಡುವೆ ಅಪಾಸ್ಟಿಲ್ ನಡೆಯುವುದಿಲ್ಲ. ಬೆಂಗಳೂರಿನ ಜರ್ಮನ್ ದೂತಾವಾಸದ ಪಟ್ಟಿಯಲ್ಲಿ ಏನಿದೆಯೋ ಅಷ್ಟನ್ನೇ ಮಾಡಿ. ವೀಸಾ ಶುಲ್ಕ ದೊಡ್ಡವರಿಗೆ 75 ಯೂರೋ, ಮಕ್ಕಳಿಗೆ ಅದರ ಅರ್ಧ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಜರ್ಮನ್ ಭಾಷೆಯ ಪ್ರಮಾಣಪತ್ರ ಕಡ್ಡಾಯವಲ್ಲ, ಬಂದ ದಿನದಿಂದ ಕೆಲಸವನ್ನೂ ಮಾಡಬಹುದು.

ತುಂಗೆಯ_ತಂಗಿ
ಕಡ್ಡಾಯವಲ್ಲ ಎಂದು ಕಲಿಯದೆ ಬಂದು ನಾನು ಒಂದು ವರ್ಷ ಮೂಕಿಯಾಗಿದ್ದೆ. ಅಂಗಡಿಯಲ್ಲಿ ಮೊಸರೆಂದು ತಂದದ್ದು ಮಜ್ಜಿಗೆ, ಮಜ್ಜಿಗೆಯೆಂದು ತಂದದ್ದು ಕೆನೆ. ಇಂದಿರಾನಗರದ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ತರಗತಿಗಳಿವೆ. ಆ ಶುಲ್ಕವನ್ನು ಬಜೆಟ್ಟಿನಲ್ಲಿ ಮೊದಲು ಬರೆಯಿರಿ, ಮಂಚ ಮೇಜು ಆಮೇಲೆ.

ಅಕ್ಕಿರೊಟ್ಟಿ
ಒಳ್ಳೆಯ ಸುದ್ದಿಯನ್ನೂ ಯಾರಾದರೂ ಹೇಳಿ, ಪಾಪ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಮೆಯಿಲ್ಲದ ಸಂಗಾತಿ ಮತ್ತು ಮಗು ಹೆಚ್ಚುವರಿ ಹಣವಿಲ್ಲದೆ ಸೇರುತ್ತಾರೆ. 2026ರಿಂದ ಮಗುವಿನ ಹೆಸರಿನಲ್ಲಿ ತಿಂಗಳಿಗೆ 259 ಯೂರೋ ಕಿಂಡರ್‌ಗೆಲ್ಡ್ ಬರುತ್ತದೆ, ಅರ್ಜಿ ಹಾಕಬೇಕು, ಮೊದಲ ಪಾವತಿಗೆ ಕೆಲವು ತಿಂಗಳು ಕಾಯಬೇಕು. ಆರು ವರ್ಷಕ್ಕೆ ಶಾಲೆ, ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಬೆಂಗಳೂರಿನಲ್ಲಿ ಎಲ್‌ಕೆಜಿಗೆ ಒಂದೂವರೆ ಲಕ್ಷ ಕಟ್ಟುವವರಿಗೆ ಇದೇನು ಸಣ್ಣದೇ? ಆದರೆ ಅಲ್ಲಿಯವರೆಗಿನ ಕಿಂಡರ್‌ಗಾರ್ಟನ್‌ಗೆ ಸ್ಟುಟ್‌ಗಾರ್ಟ್‌ನಲ್ಲಿ ಶುಲ್ಕವಿದೆ, ಜಾಗ ಸಿಗುವುದೂ ಕಷ್ಟ. ವಿಳಾಸ ಸಿಕ್ಕಿದ ಮರುದಿನವೇ ಹೆಸರು ಬರೆಸಿ.

ಬಿಸಿಬೇಳೆ
ಬಸ್ಸು ರೈಲಿಗೆ ಡಾಯ್ಚ್‌ಲಾಂಡ್‌ಟಿಕೆಟ್ ಎಂಬ ತಿಂಗಳ ಪಾಸ್. 2023ರ ಮೇ ತಿಂಗಳಲ್ಲಿ ಶುರುವಾದಾಗ 49 ಯೂರೋ, ಆಮೇಲೆ 58, 2026ರ ಜನವರಿಯಿಂದ 63. ಕಾರಿನ ಆಸೆಯನ್ನು ಸದ್ಯಕ್ಕೆ ಬಿಡಿ. ನಮ್ಮ ಲೈಸೆನ್ಸ್ ನಡೆಯುವುದು ಆರು ತಿಂಗಳು ಮಾತ್ರ. ಆಮೇಲೆ ಥಿಯರಿ, ರಸ್ತೆ ಪರೀಕ್ಷೆ ಎರಡನ್ನೂ ಮತ್ತೆ ಬರೆಯಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಹದಿನಾಲ್ಕು ವರ್ಷ ಓಡಿಸಿದ ನಾನು ಮೊದಲ ಸಲ ಫೇಲಾದೆ, ಸೈಕಲ್ಲಿನವರಿಗೆ ದಾರಿ ಬಿಡಲಿಲ್ಲವೆಂದು. ಒಟ್ಟು 1,800 ಯೂರೋ ಹೋಯಿತು.

ಹಿಂತಿರುಗಿದವ
ಹಲ್ಲು, ಕನ್ನಡಕ! ಹೊರಡುವ ಮುನ್ನ ಮೂವರೂ ದಂತವೈದ್ಯರ ಬಳಿ ಹೋಗಿ ಬನ್ನಿ. ಅಲ್ಲಿ ಹಲ್ಲಿಗೆ ಟೊಪ್ಪಿ ಹಾಕಿಸಿದರೆ ವಿಮೆ ಒಂದಷ್ಟೇ ಕೊಡುತ್ತದೆ.

ಧಾರವಾಡದ_ಮಳೆ
ಫೇಡೆ ಒಯ್ಯಬಹುದೇ? ಮುಂದಿನ ತಿಂಗಳು ಅಕ್ಕನ ಮನೆಗೆ ಹೊರಟಿದ್ದೇನೆ, ಮ್ಯೂನಿಕ್.

ಖಾತೆ_ಕಿರ್ದಿ
ಇಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ. ಫೇಡೆ, ಖೋವಾ, ತುಪ್ಪ ಎಲ್ಲವೂ ಅದರಲ್ಲಿ ಬರುತ್ತವೆ.

ಧಾರವಾಡದ_ಮಳೆ
ಅಕ್ಕ ಆರು ವರ್ಷದಿಂದ ತರಿಸಿಕೊಳ್ಳುತ್ತಿದ್ದಾಳೆ.

ಖಾತೆ_ಕಿರ್ದಿ
ಸಿಕ್ಕಿಬಿದ್ದಿಲ್ಲ ಎಂಬುದು ಅನುಮತಿಯಲ್ಲ.

ಮೂಲೆಮನೆ
ಹಸಿ ಕರಿಬೇವೂ ಹೋಗುವುದಿಲ್ಲ. ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. 2019ರ ಡಿಸೆಂಬರ್‌ನಿಂದ ಆ ಕಾಗದವಿಲ್ಲದೆ ಬಿಡುವುದು ಐದೇ ಹಣ್ಣು: ಬಾಳೆ, ತೆಂಗಿನಕಾಯಿ, ಖರ್ಜೂರ, ಅನಾನಸ್, ಡ್ಯೂರಿಯನ್. ತೆಂಗಿನಕಾಯಿ, ಬಾಳೆಹಣ್ಣು ಇವೆಯಲ್ಲ, ಪೂಜೆಗೆ ಅಡ್ಡಿಯಿಲ್ಲ ಎಂದು ನನ್ನ ಅತ್ತೆ ಸಮಾಧಾನಪಟ್ಟರು.

ಒಂಟಿ_ಸಲಗ
ಮಿಕ್ಸಿ ಒಯ್ಯಬೇಡಿ, ಅಲ್ಲಿ 110 ವೋಲ್ಟ್, ಸುಟ್ಟುಹೋಗುತ್ತದೆ.

ಅಕ್ಕಿರೊಟ್ಟಿ
2012ರಿಂದ ಜರ್ಮನಿಯಲ್ಲಿದ್ದೀರಿ ಎಂದಿರಿ! 110 ಎಂಬುದು ಅಮೆರಿಕದ ಕಥೆ. ಇಲ್ಲಿ 230 ವೋಲ್ಟ್, 50 ಹರ್ಟ್ಸ್, ನಮ್ಮದೇ ವಿದ್ಯುತ್ತು. ಮೂರು ಕಡ್ಡಿಯ ಪ್ಲಗ್ ಮಾತ್ರ ಕೂರುವುದಿಲ್ಲ, ಬದಲಿಸಿಕೊಂಡರಾಯಿತು. ನೋಡಬೇಕಾದದ್ದು ಕುಕ್ಕರ್. ಇಂಡಕ್ಷನ್ ಒಲೆ ಸಿಕ್ಕಿದರೆ ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ.

ಒಂಟಿ_ಸಲಗ
ನಾನು ಅಡುಗೆ ಮಾಡುವುದಿಲ್ಲ.

ತುಂಗೆಯ_ತಂಗಿ
ಅದು ನಿಮ್ಮ ಮಾತಿನಲ್ಲೇ ಗೊತ್ತಾಗುತ್ತದೆ.

ಹೇಮಾವತಿ_ದಡ
ನಮಸ್ಕಾರ, ಇದು ಅವರ ಖಾತೆ, ಬರೆಯುತ್ತಿರುವುದು ನಾನು, ಅವರ ಹೆಂಡತಿ. ಎರಡು ದಿನದಿಂದ ಮೊಬೈಲ್ ನೋಡುತ್ತಾ ನಿಟ್ಟುಸಿರು ಬಿಡುತ್ತಿದ್ದರು, ಕಸಿದುಕೊಂಡು ಮೊದಲಿನಿಂದ ಓದಿದೆ.

ನೀವೆಲ್ಲ ಇಷ್ಟು ಹುಡುಕಿದಿರಿ, ಒಂದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ತಿಂಗಳಿಗೆ 38,000 ಬರುತ್ತದೆ. ಹಾಸನದ ಕಂತು ಮತ್ತು ಅತ್ತೆ ಮಾವನ 15,000 ಈಗ ಹೋಗುತ್ತಿರುವುದು ಅದರಲ್ಲೇ. ನಾನು ಹೊರಟ ದಿನದಿಂದ ಆ 33,000 ಅವರ ಯೂರೋ ಸಂಬಳದಿಂದ ಹೋಗಬೇಕು. ಹಾಳೆಯಲ್ಲಿ ಖರ್ಚು ಬರೆದಿದ್ದಾರೆ, ನಿಂತುಹೋಗುವ ಆದಾಯ ಬರೆದಿಲ್ಲ. 1,500 ಯೂರೋ ‘ಇತರೆ’ ಎಂದು ಬರೆದಿದ್ದಾರಲ್ಲ, ಬಹುಶಃ ನಾನು ಅದರಲ್ಲಿ ಬರುತ್ತೇನೆ.

ನಿನ್ನೆ ರಾತ್ರಿ ಕುಳಿತು ಮತ್ತೆ ಲೆಕ್ಕ ಹಾಕಿದೆವು. ಫೆಬ್ರವರಿಯಲ್ಲಿ ಅವರೊಬ್ಬರೇ ಹೋಗುತ್ತಾರೆ, ಒಂದು ಕೋಣೆ ಸಾಕು, ಅಲ್ಲಿಗೆ ತಾತ್ಕಾಲಿಕ ಮನೆಯ ಹಣ ಅರ್ಧವಾಯಿತು. ಏಪ್ರಿಲ್‌ವರೆಗೆ ನನ್ನ ಶಾಲೆಯೂ ಮಗಳ ಶಾಲೆಯೂ ಇವೆ, ನನ್ನ ಸಂಬಳವೂ ಬರುತ್ತದೆ. ಅಡುಗೆಮನೆ ಇರುವ ಮನೆ ಸಿಕ್ಕಿದ ಮೇಲೆಯೇ ನಮ್ಮ ಟಿಕೆಟ್. ಸ್ಕೂಟರ್ ಮಾರುವುದು, ಎಲ್ಲ ಸಹಿಗಳು ಅವರು ಹೊರಡುವ ಮುನ್ನ, ತುಂಗೆಯ ತಂಗಿಯವರ ಷರತ್ತನ್ನು ಹಾಗೆಯೇ ಒಪ್ಪಿಸಿದ್ದೇನೆ. ಮೂರು ಲಕ್ಷ ಇಲ್ಲಿಯೇ ಉಳಿಯುತ್ತದೆ, ಯಾರೂ ಮುಟ್ಟುವಂತಿಲ್ಲ. ಅಡ್ವಾನ್ಸ್ ವಸೂಲಿಗೆ ನನ್ನ ಅಣ್ಣನನ್ನು ನೇಮಿಸಿದ್ದೇವೆ, ಅವನಿಗೆ ವರಾಂಡದಲ್ಲಿ ಕುಳಿತು ಅಭ್ಯಾಸವಿದೆ. ಭಾಷಾ ತರಗತಿಗೆ ನಿನ್ನೆಯೇ ವಿಚಾರಿಸಿದೆ.

ಒಂದೇ ಅನುಮಾನ ಉಳಿದಿದೆ. ಟೇಬಲ್ ಮೇಲಿಡುವ ಇಡ್ಲಿ ಗ್ರೈಂಡರ್, ಎರಡು ಲೀಟರಿನದು, ಕಲ್ಲು ಸೇರಿ 11 ಕೆಜಿ. ಅವರು ಬೇಡ ಎನ್ನುತ್ತಾರೆ.

ಖಾತೆ_ಕಿರ್ದಿ
ಮದುವೆಯಾದ ವರ್ಷದಲ್ಲಿ ಅಲ್ಲ, ಇಬ್ಬರೂ ಜರ್ಮನಿಯ ನಿವಾಸಿಗಳಾದ ವರ್ಷದಲ್ಲಿ ಜಂಟಿ ತೆರಿಗೆ ಲೆಕ್ಕ ಸಲ್ಲಿಸಬಹುದು. ನೀವು ಆ ವರ್ಷದ ನಡುವೆ ಬಂದರೂ ಸರಿ. ಅವರು ಮೊದಲ ತಿಂಗಳುಗಳಲ್ಲಿ ಹೆಚ್ಚು ಕಟ್ಟಿದ್ದರಲ್ಲಿ ಒಂದಷ್ಟು ಮುಂದಿನ ವರ್ಷ ಹಿಂತಿರುಗುತ್ತದೆ. ಆ ವರ್ಷದ ನಿಮ್ಮ ಶಾಲೆಯ ಸಂಬಳವನ್ನು ಅದರಲ್ಲಿ ತೋರಿಸಬೇಕು, ಅದರ ಮೇಲೆ ಅಲ್ಲಿ ತೆರಿಗೆ ಬೀಳದಿದ್ದರೂ ದರ ಸ್ವಲ್ಪ ಏರುತ್ತದೆ. ಗ್ರೈಂಡರ್ ಬಗ್ಗೆ ನನಗೆ ಅಭಿಪ್ರಾಯವಿಲ್ಲ.

ಅಕ್ಕಿರೊಟ್ಟಿ
ನನಗಿದೆ. ಒಯ್ಯಿರಿ. ಕಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ. ನನ್ನದನ್ನು ಕೈಚೀಲದಲ್ಲಿ ನೋಡಿದ ಭದ್ರತಾ ಸಿಬ್ಬಂದಿ ಮೂವರನ್ನು ಕರೆದು ತೋರಿಸಿದರು.

ನೆಕ್ಕರ್_ನದಿ
ಒಯ್ಯಿರಿ, ಆದರೆ ಭಾನುವಾರ ರುಬ್ಬಬೇಡಿ. ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ.

ಮೂಲೆಮನೆ
ಶನಿವಾರ ರುಬ್ಬಿದರೂ ಆ ಚಳಿಗೆ ಹಿಟ್ಟು ಉಬ್ಬುವುದು ಸೋಮವಾರಕ್ಕೆ.

ತುಂಗೆಯ_ತಂಗಿ
ಓವನ್ನಿನ ದೀಪ ಮಾತ್ರ ಹಾಕಿ ಒಳಗಿಡಿ, ಬೆಳಿಗ್ಗೆಗೆ ಉಬ್ಬಿರುತ್ತದೆ. ಓವನ್ ಇರುವ ಅಡುಗೆಮನೆ ಇದ್ದರೆ.